ಖಾರಕ್ಕೆ ಬೇರೆ ಮಷೀನು ಇದೆ, ಜೋಳಕ್ಕೂ ಇರಲಿ

ನಮ್ಮ ಕಡೆಯ ಯಾವ ಹಿಟ್ಟಿನ ಗಿರಣಿಗೆ ಹೋದರೂ ಖಾರದ ಮಷೀನು ಬೇರೆ ಇರುತ್ತದೆ. ಗದಗ-ಬೆಟಗೇರಿಯ ಓಣಿಗಳಿರಲಿ, ಲಕ್ಷ್ಮೇಶ್ವರದ ಬಜಾರವಿರಲಿ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿರಲಿ, ಪದ್ಧತಿ ಒಂದೇ. ಗೋಧಿ ಬೀಸುವ ಕಲ್ಲಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ ಎಂದು ಗಿರಾಕಿ ಕೇಳುವುದಿಲ್ಲ, ಕೇಳಿದರೂ ಗಿರಣಿಯವನು ಹಾಕುವುದಿಲ್ಲ. ಹಾಕಿದರೆ ಮುಂದಿನ ಮನೆಯವರ ಹಿಟ್ಟಿಗೆ ಖಾರ ಹತ್ತುತ್ತದೆ, ಆ ಹಿಟ್ಟಿನ ರೊಟ್ಟಿ ತಿಂದ ಕೂಸಿನ ಬಾಯಿ ಉರಿಯುತ್ತದೆ. ಇದನ್ನು ಯಾವ ಅಧಿಕಾರಿಯೂ ಬಂದು ನಮಗೆ ಕಲಿಸಿಲ್ಲ, ಯಾವ ಕಾಯ್ದೆಯೂ ಹೇಳಿಲ್ಲ. ಇನ್ನೊಬ್ಬರ ಮನೆಯ ಊಟ ಕೆಡಬಾರದು ಎಂಬ ಕಾಳಜಿಯಿಂದ ಗಿರಣಿಯವರು ತಾವೇ ಎರಡನೆಯ ಮಷೀನಿಗೆ ದುಡ್ಡು ಹಾಕಿದ್ದಾರೆ.

ನಾನು ಲಕ್ಷ್ಮೇಶ್ವರದಲ್ಲಿ ಗಿರಣಿ ನಡೆಸುತ್ತೇನೆ. ಅಪ್ಪ ಹಾಕಿದ್ದು, ನಾನು ಮುಂದುವರಿಸಿದ್ದು. ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಒಂದೇ ಮಾತು: ಖಾರವನ್ನು ಬೇರೆ ಇಟ್ಟ ಹಾಗೆ, ಗೋಧಿ ಸೋಕದ, ಜೋಳ, ಸಜ್ಜೆ, ನವಣೆ, ಅಕ್ಕಿ ಮಾತ್ರ ಬೀಸುವ ಗಿರಣಿ ತಾಲೂಕಿಗೆ ಒಂದಾದರೂ ಬೇಕು. ಖಾರ ಸೋಕಿದರೆ ಬಾಯಿ ಉರಿದು ಕೂಡಲೇ ಗೊತ್ತಾಗುತ್ತದೆ. ಗೋಧಿ ಸೋಕಿದರೆ ಕೆಲವರ ಕರುಳು ಒಳಗೊಳಗೇ ಹಾಳಾಗುತ್ತದೆ, ಹೊರಗೆ ಕಾಣುವುದಿಲ್ಲ. ಅಂಥ ಒಂದು ಮಗು ನನ್ನ ಮನೆಯಲ್ಲಿದೆ.

ರೋಗದ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ರವೆ, ಮೈದಾ, ಶಾವಿಗೆ, ಬ್ರೆಡ್ಡು, ಬಿಸ್ಕೀಟು ಎಲ್ಲವೂ ಗೋಧಿಯಿಂದಲೇ ಬಂದವು. ಈ ರೋಗ ಇದ್ದವರ ಹೊಟ್ಟೆಗೆ ಗ್ಲುಟೆನ್ ಹೋದರೆ ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಸಣ್ಣ ಕರುಳಿನ ಮೇಲೆಯೇ ಬೀಳುತ್ತದೆ. ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಸಣ್ಣ ಎಳೆಗಳಿಂದ ತುಂಬಿರುತ್ತದೆ. ಉಂಡ ಊಟದ ಸತ್ವವನ್ನು ಹೀರಿ ರಕ್ತಕ್ಕೆ ಕೊಡುವವು ಆ ಎಳೆಗಳೇ. ಅವು ಸವೆದು ಚಪ್ಪಟೆಯಾದರೆ ಏನು ಉಂಡರೂ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಅಂಶ ಸಿಗದೆ ರಕ್ತ ಕಡಿಮೆಯಾಗುತ್ತದೆ, ಸುಣ್ಣದ ಅಂಶ ಸಿಗದೆ ಎಲುಬು ಬಲ ಕಳೆದುಕೊಳ್ಳುತ್ತದೆ, ಮಕ್ಕಳ ಎತ್ತರ ನಿಂತುಬಿಡುತ್ತದೆ. ಕೆಲವರಿಗೆ ಭೇದಿ, ಹೊಟ್ಟೆ ಉಬ್ಬರ. ಕೆಲವರಿಗೆ ಹೊಟ್ಟೆಯ ತಕರಾರೇ ಇರುವುದಿಲ್ಲ, ರಕ್ತಹೀನತೆಯೊಂದೇ ಕಾಣುತ್ತದೆ. ಇದು ಅಂಟುಜಾಡ್ಯವಲ್ಲ. ಇದಕ್ಕೆ ಗುಳಿಗೆಯೂ ಇಲ್ಲ. ಗ್ಲುಟೆನ್ ಇರುವುದನ್ನು ಬದುಕಿರುವವರೆಗೆ ಬಿಡಬೇಕು. ಬಿಟ್ಟರೆ ಕರುಳಿನ ಎಳೆಗಳು ಮತ್ತೆ ಚಿಗುರುತ್ತವೆ, ಮಗು ಮಗುವಿನಂತೆ ಬೆಳೆಯುತ್ತದೆ.

ನನ್ನ ಮಗಳು ಕನ್ನಡ ಸಾಲಿಯ ಮೂರನೇ ಇಯತ್ತೆಗೆ ಬಂದಾಗಲೂ ಒಂದನೇ ಇಯತ್ತೆಯ ಹುಡುಗಿಯಂತೆ ಕಾಣುತ್ತಿದ್ದಳು. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಉಗುರು ಬೆಳ್ಳಗೆ. ಓಣಿಯ ಹಿರಿಯರು ಬಾಲಗ್ರಹ ಎಂದರು, ಜಂತು ಎಂದರು, ದೃಷ್ಟಿ ಎಂದರು. ಜಂತಿನ ಗುಳಿಗೆ, ಕಬ್ಬಿಣದ ಔಷಧ ಕೊಟ್ಟೆವು. ರಕ್ತ ಏರಲಿಲ್ಲ. ಸೊರಗಿದ ಮಗುವಿಗೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೋ ಅದನ್ನೇ ನನ್ನ ಅವ್ವ, ನನ್ನ ಹೆಂಡತಿ ಅಂತಃಕರಣದಿಂದ ಮಾಡಿದರು: ತುಪ್ಪ ಹಾಕಿದ ರವೆ ಶಿರಾ, ಹಾಲಿನಲ್ಲಿ ಬೇಯಿಸಿದ ಶಾವಿಗೆ, ಗೋಧಿ ಹುಗ್ಗಿ, ಬಾರ್ಲಿ ಮಾಲ್ಟಿನ ಪುಡಿ ಕಲಸಿದ ಹಾಲು. ಅವೆಲ್ಲವೂ ಗ್ಲುಟೆನ್ ಇರುವ ಪದಾರ್ಥಗಳೇ.

ಕೊನೆಗೆ ಗದಗಿನ ಒಬ್ಬ ಮಕ್ಕಳ ಡಾಕ್ಟರು ಒಂದು ಪ್ರಶ್ನೆ ಕೇಳಿದರು: "ಇಷ್ಟು ದಿನ ಕಬ್ಬಿಣ ಕೊಟ್ಟರೂ ರಕ್ತ ಯಾಕ ಏರವಲ್ದು? ಹೋಗೋದು ಹೊಂಟೈತಿ, ಹೀರಿಕೊಳ್ಳವಲ್ದು ಅಂದ್ರ ಕರುಳು ನೋಡಬೇಕಲ್ರಿ?" ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದರು. ರಕ್ತ ಬೇರೆ ಊರಿನ ಲ್ಯಾಬಿಗೆ ಹೋಯಿತು. ವರದಿ ಬಂದ ಮೇಲೆ ಹುಬ್ಬಳ್ಳಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿ, ಕರುಳಿನ ಸಣ್ಣ ಚೂರು ತೆಗೆದು ಪರೀಕ್ಷಿಸಿದರು. ಎಳೆಗಳು ಸವೆದಿದ್ದವು. ಗೋಧಿ ಬಿಡಿಸಿದೆವು. ವರ್ಷ ತಿರುಗುವುದರೊಳಗೆ ನನ್ನ ಹೆಂಡತಿ ಅವಳ ಸಮವಸ್ತ್ರದ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದಳು, ಮರುವರ್ಷ ಹೊಸದೇ ಹೊಲಿಸಬೇಕಾಯಿತು. ಒಬ್ಬ ಡಾಕ್ಟರು ಸರಿಯಾದ ಪ್ರಶ್ನೆ ಕೇಳಿದ್ದಕ್ಕೆ ಒಂದು ಮಗುವಿನ ಬಾಳು ತಿರುಗಿತು. ಆ ಪ್ರಶ್ನೆಯನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕೇಳುವಂತಾಗಬೇಕು.

ಈ ರೋಗಕ್ಕೆ ಧಾನ್ಯವೇ ಕಾರಣ ಎಂದು ಜಗತ್ತಿಗೆ ತಿಳಿದು ಬಹಳ ಕಾಲವೇನೂ ಆಗಿಲ್ಲ. ಲಂಡನ್ನಿನ ಡಾಕ್ಟರು ಸ್ಯಾಮ್ಯುಯೆಲ್ ಗೀ 1888ರಲ್ಲಿ ರೋಗದ ಲಕ್ಷಣ ಬರೆದಿಟ್ಟರು, ಆದರೆ ಗೋಧಿಯ ಕಡೆ ಬೆರಳು ತೋರಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು. ನೆದರ್‌ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಎರಡನೇ ಮಹಾಯುದ್ಧಕ್ಕೂ ಮೊದಲೇ ಗೋಧಿಯ ಮೇಲೆ ಅನುಮಾನ ಪಟ್ಟಿದ್ದರು. 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಯುದ್ಧದಿಂದ ಕ್ಷಾಮ ಬಿದ್ದು ಬ್ರೆಡ್ಡು ಸಿಗದಂತಾಯಿತು. ಜನ ಉಪವಾಸದಿಂದ ಸಾಯುತ್ತಿದ್ದ ಆ ಕಾಲದಲ್ಲಿ ಈ ರೋಗದ ಮಕ್ಕಳು ಸುಧಾರಿಸಿದರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಡಿಕ್ಕೆ ತಮ್ಮ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ತೋರಿಸಿಕೊಟ್ಟರು.

ಗೋಧಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇಂದಿಗೂ ನನ್ನ ಗಿರಣಿಯಲ್ಲಿ ಗೋಧಿ ಬೀಸುತ್ತೇನೆ, ಅದೇ ನನ್ನ ಮನೆ ನಡೆಸುತ್ತದೆ. ರೋಗ ಇಲ್ಲದವರು ಫ್ಯಾಶನ್ನಿಗೆಂದು ಗೋಧಿ ಬಿಡುವ ಅಗತ್ಯವೂ ಇಲ್ಲ. ಅನುಮಾನ ಇದ್ದವರು ಪರೀಕ್ಷೆಗೆ ಮೊದಲೇ ತಾವಾಗಿ ಬಿಡಲೂಬಾರದು. ಬಿಟ್ಟರೆ ರಕ್ತದಲ್ಲಿ ಮತ್ತು ಕರುಳಿನಲ್ಲಿ ಸುಳಿವು ಮಾಯವಾಗಿ ರೋಗ ಸಿಗುವುದಿಲ್ಲ. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಪಥ್ಯದ ವಿಷಯದಲ್ಲಿ ನಮ್ಮ ಎರೆ ಸೀಮೆಯಷ್ಟು ಪುಣ್ಯದ ಸೀಮೆ ಇನ್ನೊಂದಿಲ್ಲ. ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಈ ರೋಗದವರು ದುಬಾರಿ ಬೆಲೆ ಕೊಟ್ಟು ಬೇರೆ ಬ್ರೆಡ್ಡು ತರಿಸಿಕೊಳ್ಳುತ್ತಾರೆ. ನಮ್ಮ ತಟ್ಟೆಯಲ್ಲಿ ಮೊದಲಿನಿಂದಲೂ ಬಿಳಿಜೋಳದ ರೊಟ್ಟಿ ಇದೆ. ಜೋಳದಲ್ಲಿ, ಸಜ್ಜೆಯಲ್ಲಿ, ನವಣೆ, ಸಾವೆ, ರಾಗಿಗಳಲ್ಲಿ ಗ್ಲುಟೆನ್ ಇಲ್ಲ. ಹಿಟ್ಟು ನಾದಿದವರ ಕೈಗೆ ಇದು ಗೊತ್ತಿರುವ ಸಂಗತಿಯೇ. ಗೋಧಿ ಹಿಟ್ಟನ್ನು ಎಳೆದರೆ ಜಿಗಿಯಾಗಿ ಬರುತ್ತದೆ, ಲಟ್ಟಣಿಗೆಗೆ ಒಗ್ಗುತ್ತದೆ. ಆ ಜಿಗಿಯೇ ಗ್ಲುಟೆನ್. ಜೋಳದ ಹಿಟ್ಟಿಗೆ ಆ ಜಿಗಿ ಇಲ್ಲ, ಎಳೆದರೆ ಹರಿಯುತ್ತದೆ. ಅದಕ್ಕೇ ನಮ್ಮ ಅವ್ವಂದಿರು ಕುದಿಯುವ ಎಸರು ಹಾಕಿ ಹಿಟ್ಟು ಕಲಸುತ್ತಾರೆ, ಬಿಸಿನೀರಿಗೆ ಹಿಟ್ಟಿನ ಗಂಜಿಯಂಶ ಬೆಂದು ಅಂಟು ಬರುತ್ತದೆ. ಆಮೇಲೆ ಅಂಗೈಯಿಂದ ಬಡಿದು ಬಡಿದು ತೆಳ್ಳಗೆ ಮಾಡುತ್ತಾರೆ. ಸಂಜೆ ಹೊತ್ತು ಓಣಿಯಲ್ಲಿ ನಡೆದರೆ ಕೇಳುವ ರೊಟ್ಟಿ ಬಡಿಯುವ ಸಪ್ಪಳ ಈ ರೋಗದ ಮಗುವಿಗೆ ಸಿದ್ಧವಾಗುತ್ತಿರುವ ಪಥ್ಯದ್ದೇ.

ಹಬ್ಬಗಳನ್ನೂ ನೋಡಿ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಅಳ್ಳಿಟ್ಟು. ರವೆ ಉಂಡಿಯೊಂದನ್ನು ಬದಿಗಿಟ್ಟರೆ ನನ್ನ ಮಗಳಿಗೆ ಅದು ವರ್ಷದ ದೊಡ್ಡ ಹಬ್ಬ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣೆಗಾಯಿ, ಗುರೆಳ್ಳ ಚಟ್ನಿ. ಎಳ್ಳ ಅಮಾಸಿಗೆ ಹೊಲದಲ್ಲಿ ಜೋಳದ ಕಡಬು, ಪುಂಡಿ ಪಲ್ಯ. ಕಷ್ಟ ಬರುವುದು ಹೋಳಿಗೆಯ ಹಬ್ಬಗಳಲ್ಲಿ, ಮೊಹರಂನ ಚೊಂಗೆಯಲ್ಲಿ, ಈದಿನ ಶೀರಖುರ್ಮಾದ ಶಾವಿಗೆಯಲ್ಲಿ, ಮದುವೆಯ ಹುಗ್ಗಿಯಲ್ಲಿ.

ಇಷ್ಟೆಲ್ಲ ಇದ್ದರೂ ಕೊರತೆ ಎಲ್ಲಿದೆ? ಗಿರಣಿಯಲ್ಲಿದೆ. ನಾನು ದಿನವೂ ನೋಡುವ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೇಲಿನ ಡಬ್ಬಿಗೆ ಸುರಿದ ಕಾಳು ಎರಡು ಕಲ್ಲಿನ ನಡುವೆ ಇಳಿದು, ಹಿಟ್ಟಾಗಿ, ಸುತ್ತಿನ ಪತ್ರಾದ ಗೂಡಿನಲ್ಲಿ ತಿರುಗಿ, ಬಾಯಿಗೆ ಕಟ್ಟಿದ ಬಟ್ಟೆಯ ಚೀಲದ ಮೂಲಕ ಗಿರಾಕಿಯ ಡಬ್ಬಿಗೆ ಬೀಳುತ್ತದೆ. ಕಾಳು ಮುಗಿದಾಗ ಎಲ್ಲ ಹಿಟ್ಟೂ ಹೊರಗೆ ಬರುವುದಿಲ್ಲ. ಕಲ್ಲಿನ ಗೀರುಗಳಲ್ಲಿ, ಗೂಡಿನ ಮೂಲೆಯಲ್ಲಿ, ಬಟ್ಟೆಯ ಮಡಿಕೆಯಲ್ಲಿ ಹಿಡಿಯಷ್ಟು ಹಿಟ್ಟು ಉಳಿದುಬಿಡುತ್ತದೆ. ಅದು ಮುಂದಿನ ಗಿರಾಕಿಯ ಡಬ್ಬಿಗೆ ಹೋಗುತ್ತದೆ. ನಮ್ಮ ಗಿರಾಕಿಗಳು ಜಾಣರು. "ಮುಂದ ಯಾರದು ಬೀಸೀರಿ ಅಣ್ಣಾರ, ಗ್ವಾದಿನೋ ಜ್ವಾಳನೋ?" ಎಂದು ಕೇಳಿಯೇ ಡಬ್ಬಿ ಇಡುವವರಿದ್ದಾರೆ. ರೊಟ್ಟಿ ಹಿಟ್ಟಿಗೆ ಗೋಧಿ ಬೆರೆತರೆ ರುಚಿ ಕೆಡುತ್ತದೆ ಎಂಬ ಚಿಂತೆ ಅವರದು. ನನ್ನ ಮಗಳ ವಿಷಯದಲ್ಲಿ ಚಿಂತೆ ಅದಕ್ಕಿಂತ ದೊಡ್ಡದು.

ಲೆಕ್ಕ ಹೀಗಿದೆ. ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಅದನ್ನು ಗ್ಲುಟೆನ್ ರಹಿತ ಎಂದು ಮಾರಬಹುದು. ನಮ್ಮ ದೇಶದ ಆಹಾರ ಸುರಕ್ಷತೆ ಪ್ರಾಧಿಕಾರವೂ ಹೊರದೇಶಗಳೂ ಒಪ್ಪಿರುವ ಮಿತಿ ಇದು. ಗೋಧಿ ಹಿಟ್ಟಿನ ನೂರು ಭಾಗದಲ್ಲಿ ಎಂಟರಿಂದ ಹತ್ತು ಭಾಗ ಗ್ಲುಟೆನ್ನೇ. ಅಂದರೆ ಒಂದು ಗ್ರಾಂ ಗೋಧಿ ಹಿಟ್ಟಿನಲ್ಲಿ 80ರಿಂದ 100 ಮಿಲಿಗ್ರಾಂ. ಒಂದು ಕಿಲೋ ಜೋಳದ ಹಿಟ್ಟಿಗೆ ಒಂದೇ ಗ್ರಾಂ ಗೋಧಿ ಹಿಟ್ಟು ಬೆರೆತರೂ ಮಿತಿಗಿಂತ ನಾಲ್ಕೈದು ಪಟ್ಟು ಆಗಿಹೋಯಿತು. ಒಂದು ಗ್ರಾಂ ಎಂದರೆ ಎರಡು ಬೆರಳಿನ ಚಿಟಿಕೆ. ನನ್ನ ಕಲ್ಲಿನಲ್ಲಿ ಉಳಿಯುವುದು ಹಿಡಿ. ಹೀಗಿರುವಾಗ, ಜೋಳದ ರೊಟ್ಟಿಯನ್ನೇ ತಿಂದು, ಗೋಧಿಯನ್ನು ಕಣ್ಣಿನಿಂದಲೂ ನೋಡದ ಮಗು ಗುಣವಾಗದೆ ಉಳಿಯಬಹುದು. ಮನೆಯವರು ರೋಗದ ಹೆಸರು ತಿಳಿದು, ಪಥ್ಯ ಮಾಡಿ, ದುಡ್ಡು ಖರ್ಚು ಮಾಡಿದ ಮೇಲೂ ಸೋಲುವುದು ಇಲ್ಲಿ.

ಕಲ್ಲು ಬ್ರಷ್ಷಿನಿಂದ ಒರೆಸಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ಮೇಲಿನ ಕಲ್ಲು ಎತ್ತಬೇಕು, ಗೀರು ಗೀರಿನಲ್ಲಿ ಒತ್ತಿ ಕೂತ ಹಿಟ್ಟು ಕೆರೆಯಬೇಕು, ಗಾಳಿಯ ಮಷೀನು ಹಿಡಿದು ಊದಬೇಕು. ಅಷ್ಟು ಮಾಡಿದರೂ ಗಿರಣಿಯ ಗಾಳಿಯಲ್ಲಿ ತೇಲುವ ಗೋಧಿ ಹಿಟ್ಟು ಮತ್ತೆ ಬಂದು ಕೂರುತ್ತದೆ. ಗಿರಣಿಯವನ ಹುಬ್ಬು ನೋಡಿದರೆ ಆ ಗಾಳಿ ಎಂಥದೆಂದು ಗೊತ್ತಾಗುತ್ತದೆ.

ಹಾಗಾಗಿ ನಾನು ಹಿಂದಿನ ಕೋಣೆಯಲ್ಲಿ ಇನ್ನೊಂದು ಮಷೀನು ಕೂರಿಸಿದೆ. ನಡುವೆ ಗೋಡೆ, ಬಾಗಿಲು. ಕಲ್ಲು ಹೊಸದು. ಜರಡಿ, ಮೊರ, ಅಳತೆಯ ಬುಟ್ಟಿ, ಬಾಯಿಯ ಬಟ್ಟೆ, ಕಸಬರಿಗೆ ಎಲ್ಲವೂ ಆ ಕೋಣೆಯವೇ. ಬೆಳಗ್ಗೆ ಗೋಧಿಯ ಮಷೀನು ಶುರುವಾಗುವ ಮೊದಲೇ ಅಲ್ಲಿಯ ಕೆಲಸ ಮುಗಿಸುತ್ತೇನೆ, ತೊಳೆದ ಅಂಗಿ ಹಾಕಿಕೊಂಡು ಒಳಗೆ ಹೋಗುತ್ತೇನೆ. ಮೊದಲ ಎರಡು ಕಿಲೋ ಹಿಟ್ಟು ದನಕ್ಕೆ. ಜೋಳವನ್ನೂ ಹಾಗೆಯೇ ಸುರಿಯುವುದಿಲ್ಲ. ಪೇಟೆಯಿಂದ ಬರುವ ಚೀಲದಲ್ಲಿ ಹಿಂದೆ ಗೋಧಿ ತುಂಬಿರಬಹುದು, ಒಕ್ಕುವ ಮಷೀನು ಎರಡೂ ಬೆಳೆಗೆ ಒಂದೇ ಇರಬಹುದು. ನನ್ನ ಹೆಂಡತಿ ಮೊರದಲ್ಲಿ ಹಾಕಿ ಗೋಧಿ ಕಾಳು ಆರಿಸಿ ಹಸನ ಮಾಡಿ, ತೊಳೆದು ಒಣಗಿಸಿದ ಮೇಲೆಯೇ ಕಲ್ಲಿಗೆ. ಕಡಲೆಬೇಳೆಯನ್ನೂ ಅದೇ ಕಲ್ಲಿನಲ್ಲಿ ಬೀಸುತ್ತೇನೆ. ಅದರಿಂದ ಮನೆಯಲ್ಲಿ ಜುಣಕ ಆಗುತ್ತದೆ, ಗದಗಿನ ಮಂದಿ ಬಿಟ್ಟಿರಲಾಗದ ಮಿರ್ಚಿಯೂ ಆಗುತ್ತದೆ. ಮಿರ್ಚಿಗೆ ಬೇಕಾದದ್ದು ಕಡಲೆ ಹಿಟ್ಟೇ. ಆದರೆ ಅಂಗಡಿಯ ಎಣ್ಣೆಯಲ್ಲಿ ಪೂರಿ, ಸಮೋಸಾ ಕರಿದಿರುತ್ತಾರೆ, ಅದಕ್ಕೇ ನಾವು ಹೊರಗಿನದನ್ನು ಕೊಡುವುದಿಲ್ಲ.

ಗಿರಣಿ ಸರಿಹೋದ ಮೇಲೆಯೂ ಗೋಧಿ ಬೇರೆ ದಾರಿಗಳಿಂದ ಬರುತ್ತದೆ. ಓದುಗರು ಇವನ್ನು ನೆನಪಿಟ್ಟುಕೊಂಡರೆ ಒಂದು ಮನೆಗಾದರೂ ಉಪಯೋಗವಾದೀತು. ಒಗ್ಗರಣೆಯ ಇಂಗು ಅವುಗಳಲ್ಲಿ ಮೊದಲನೆಯದು. ನಾವು ಕೊಳ್ಳುವ ಡಬ್ಬಿಯ ಇಂಗು ಅಪ್ಪಟ ಇಂಗಲ್ಲ, ಅಂಟು ಮತ್ತು ಹಿಟ್ಟು ಬೆರೆಸಿದ್ದು. ಬಹಳಷ್ಟು ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದು. ಅನ್ನ ಸಾರು ತಾನೇ ಎಂದು ಬಡಿಸಿದ ಸಾರಿನಲ್ಲಿಯೂ ಅದು ಇರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿಯ ಹಿಂದಿನ ಅಕ್ಷರ ಓದಿ ತರಬೇಕು. ರಾಗಿ ಬಿಸ್ಕೀಟು, ಸಿರಿಧಾನ್ಯದ ಬಿಸ್ಕೀಟು ಎಂದು ಮುಂದೆ ದೊಡ್ಡದಾಗಿ ಬರೆದಿದ್ದರೂ ಹಿಂದೆ ನೋಡಿದರೆ ಅನೇಕದರಲ್ಲಿ ಮೈದಾ ಅಥವಾ ಗೋಧಿಯೇ ಹೆಚ್ಚು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಇಂಥ ಪಾಕೀಟುಗಳು ಹೆಚ್ಚಾಗಿವೆ. ಗೋಬಿ ಮಂಚೂರಿಯಲ್ಲಿ ಮೈದಾ, ಅದರ ಸೋಯಾ ಸಾಸಿನಲ್ಲಿ ಗೋಧಿ. ಇನ್ನು ನಮ್ಮ ಕಡೆಯ ಜವೆಗೋಧಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, 1029ರಂಥ ಒಳ್ಳೆಯ ತಳಿಗಳನ್ನು ಕೊಟ್ಟಿದೆ, ಸಕ್ಕರೆ ಕಾಯಿಲೆಯವರು ಹುಡುಕಿಕೊಂಡು ಬರುತ್ತಾರೆ. ಹಳೆಯ ತಳಿ, ಇದಾದರೂ ನಡೆಯುತ್ತದೆ ಎಂದು ಹಲವರು ನನಗೆ ಹೇಳಿದ್ದಾರೆ. ನಡೆಯುವುದಿಲ್ಲ. ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ.

"ನಮ್ಮ ಮುತ್ಯಾನ ಕಾಲಕ್ಕ ಇಲ್ಲದ ಜಡ್ಡು ಈಗ ಎಲ್ಲಿಂದ ಬಂತ್ರಿ?" ಎಂದು ಗಿರಣಿಯ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ದೇಶದ ಮೂರು ಭಾಗಗಳ 23,331 ಜನರನ್ನು ಪರೀಕ್ಷಿಸಿದರು. ಉತ್ತರ ಭಾರತದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಯ ರಕ್ತದಲ್ಲಿ ಈ ರೋಗದ ಸುಳಿವು ಕಂಡಿತು. ಆದರೆ ರೋಗಕ್ಕೆ ಬೇಕಾದ ವಂಶವಾಹಿ ಉತ್ತರದಲ್ಲಿ ನೂರಕ್ಕೆ 38.1 ಜನರಲ್ಲಿದ್ದರೆ ದಕ್ಷಿಣದಲ್ಲಿ 36.4 ಜನರಲ್ಲಿತ್ತು, ಹೆಚ್ಚು ಕಡಿಮೆ ಸಮ. ದೊಡ್ಡ ಅಂತರ ಇದ್ದದ್ದು ಊಟದಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಅಂದರೆ ಬೀಜ ನಮ್ಮ ಮೈಯಲ್ಲೂ ಇದೆ, ತಟ್ಟೆಯಲ್ಲಿ ಗೋಧಿ ಕಡಿಮೆ ಇತ್ತು.

ಈಗ ಕಡಿಮೆ ಇಲ್ಲ. ಅಪ್ಪನ ಕಾಲದಲ್ಲಿ ಈ ಗಿರಣಿಗೆ ಬರುತ್ತಿದ್ದ ಡಬ್ಬಿಗಳು ಬಹುಪಾಲು ಜೋಳದವು, ಗೋಧಿ ಹಬ್ಬಕ್ಕೆ, ಬೀಗರು ಬಂದಾಗ. ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ಜಾಗಕ್ಕೆ ಕಡಲೆ ಬಂತು, ರೊಟ್ಟಿ ಬಡಿಯಲು ಪುರಸೊತ್ತಿಲ್ಲದ ಮನೆಗಳಲ್ಲಿ ಚಪಾತಿ ಬಂತು, ಮುಂಜಾನೆ ಉಪ್ಪಿಟ್ಟು, ಸಂಜೆ ಬಿಸ್ಕೀಟು. ಮೂರು ಚಪಾತಿ ಉಂಡವರ ಹೊಟ್ಟೆಗೆ ಹೋಗುವ ಗೋಧಿ ಆ 25 ಗ್ರಾಂನ ಎಷ್ಟು ಪಟ್ಟು ಎಂದು ಯಾವ ಗೃಹಿಣಿಯೂ ಹೇಳಬಲ್ಲಳು. ಸಾವಿರಕ್ಕೆ ಒಬ್ಬರು ಎಂಬ ದಕ್ಷಿಣದ ಲೆಕ್ಕವನ್ನೇ ಹಿಡಿದರೂ, 2011ರ ಜನಗಣತಿಯಲ್ಲಿ ಹತ್ತು ಲಕ್ಷ ದಾಟಿದ್ದ ಗದಗ ಜಿಲ್ಲೆಯಲ್ಲಿ ರಕ್ತದಲ್ಲಿ ಆ ಸುಳಿವು ಇರುವವರು ಸಾವಿರ ಜನರಾಗುತ್ತಾರೆ. ನನಗೆ ಗೊತ್ತಿರುವವರು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಹಲವರು ಯಾವುದೋ ಹಳ್ಳಿಯಲ್ಲಿ ಕಬ್ಬಿಣದ ಗುಳಿಗೆ ನುಂಗುತ್ತ, ಸೊರಗಿದ್ದಕ್ಕೆ ಇನ್ನೊಂದು ಬಟ್ಟಲು ಹುಗ್ಗಿ ಉಣ್ಣುತ್ತಿರಬೇಕು.

ಪಂಕ್ತಿಯ ಊಟದ ಮಾತು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ನಮ್ಮದು ದಾಸೋಹದ ಸೀಮೆ. ಗದಗಿನ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಲಕ್ಷ್ಮೇಶ್ವರದ ದೂದಪೀರಾಂ ದರ್ಗಾ, ಎಲ್ಲಿಗೆ ಹೋದರೂ ಜಾತಿ ಧರ್ಮ ಕೇಳದೆ ಬರಮಾಡಿಕೊಳ್ಳುವ ನೆಲ ಇದು. ಇಲ್ಲಿ ಪ್ರಸಾದ ಬೇಡವೆಂದರೆ ಬಡಿಸುವವರ ಮನಸ್ಸಿಗೆ ನೋವು. "ಪ್ರಸಾದಕ್ಕ ದೋಷ ಇಲ್ಲವ್ವಾ, ಒಂದ್ ತುತ್ತು ತಿಂದ್ರ ಏನಾಕ್ಕೈತಿ?" ಎಂದು ಪ್ರೀತಿಯಿಂದ ತಲೆ ಸವರಿ ಹುಗ್ಗಿ ಬಡಿಸಿದವರನ್ನು ಮಗು ಹೇಗೆ ಎದುರಿಸಬೇಕು? ಆ ಒಂದು ತುತ್ತಿನಿಂದ ಆ ರಾತ್ರಿ ಏನೂ ಆಗದಿರಬಹುದು. ಹೊಟ್ಟೆನೋವೂ ಬಾರದಿರಬಹುದು. ಕರುಳಿನ ಒಳಗೆ ಮಾತ್ರ ಹಾನಿ ಶುರುವಾಗಿರುತ್ತದೆ. ಸಕ್ಕರೆ ಕಾಯಿಲೆಯವರು ಹೋಳಿಗೆ ಬೇಡವೆಂದರೆ ಈಗ ಯಾರೂ ಒತ್ತಾಯ ಮಾಡುವುದಿಲ್ಲ, ಸಮಾಜ ಅದನ್ನು ಕಲಿತಿದೆ. ಗೋಧಿ ಬೇಡವೆಂದ ಮಗುವಿಗೂ ಅದೇ ಮರ್ಯಾದೆ ಸಿಗಬೇಕು. ದೇವರ ಮುಂದಿನ ಬಾಳೆಹಣ್ಣು, ಸಕ್ಕರೆ, ಕೊಬ್ಬರಿಯೂ ಪ್ರಸಾದವೇ. ಮಠದ ಅಜ್ಜಾರು ಪ್ರವಚನದಲ್ಲಿ ಇದನ್ನು ಒಮ್ಮೆ ಹೇಳಿದರೆ ಸಾಕು, ಸಾವಿರ ಕರಪತ್ರಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಇನ್ನು ಆಗಬೇಕಾದ ಕೆಲಸ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಅಂಗನವಾಡಿ, ಸಾಲಿಗಳಿಗೆ ಬಂದು ಮಕ್ಕಳ ತೂಕ, ಎತ್ತರ ನೋಡುತ್ತಿವೆ. ಕಬ್ಬಿಣ ಕೊಟ್ಟರೂ ರಕ್ತ ಏರದ, ಎತ್ತರ ನಿಂತ ಮಕ್ಕಳ ಪಟ್ಟಿ ಅವರ ಕೈಯಲ್ಲೇ ಸಿಗುತ್ತದೆ. ಆ ಮಕ್ಕಳಿಗೆ ಟಿಟಿಜಿ ಪರೀಕ್ಷೆ ಜಿಲ್ಲೆಯೊಳಗೇ, ಪುಕ್ಕಟೆಯಾಗಿ ಆಗಲಿ. ಗದಗಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಒಬ್ಬರಿಗೆ ರೋಗ ಸಿಕ್ಕರೆ ತಂದೆ ತಾಯಿ, ಒಡಹುಟ್ಟಿದವರಿಗೂ ಪರೀಕ್ಷೆ ಆಗಬೇಕು, ರಕ್ತಸಂಬಂಧಿಗಳಲ್ಲಿ ಇದು ಬರುವ ಸಂಭವ ಹೆಚ್ಚು. ಬಿಸಿಯೂಟದಲ್ಲಿ ಉಪ್ಪಿಟ್ಟಿನ ದಿನ ಅಂಥ ಮಗುವಿಗೆ ಅನ್ನ ಸಿಗಲಿ.

ಗಿರಣಿಗೆ ದುಡ್ಡು ಎಲ್ಲಿಂದ ಎಂದರೆ ದಾರಿ ಇದೆ. ಸಣ್ಣ ಆಹಾರ ಉದ್ದಿಮೆಗಳಿಗೆ 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಯೋಜನೆಯಲ್ಲಿ ಮಷೀನಿನ ಖರ್ಚಿಗೆ ನೂರಕ್ಕೆ 35ರಷ್ಟು, ಹತ್ತು ಲಕ್ಷದವರೆಗೆ ಸಹಾಯಧನ ಇಟ್ಟರು. ಮುಂಡರಗಿ, ಶಿರಹಟ್ಟಿ ಕಡೆ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಗುಂಪುಗಳಿವೆ. ಇಂಥ ಯೋಜನೆಯಲ್ಲಿ ಅವರಿಗೊಂದು ಜೋಳದ ಗಿರಣಿ ಹಾಕಿಕೊಟ್ಟು, ಹಿಟ್ಟನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಮುದ್ರೆ ಕೊಡಿಸಿದರೆ, ತಿಂಗಳುಗಟ್ಟಲೆ ಕೆಡದ ಆ ರೊಟ್ಟಿ ದೆಹಲಿ, ಪುಣೆಯ ರೋಗಿಗಳಿಗೂ ಹೋಗುತ್ತದೆ, ಬಿಳಿಜೋಳ ಬೆಳೆಯುವ ರೈತನಿಗೂ ಒಳ್ಳೆಯ ಬೆಲೆ ಬರುತ್ತದೆ. 1905ರಲ್ಲಿ ಕಣಗಿನಹಾಳದಲ್ಲಿ ದೇಶಕ್ಕೇ ಮೇಲ್ಪಂಕ್ತಿಯಾದ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ತಾಲೂಕಿಗೊಂದು ಗಿರಣಿ ಕಟ್ಟುವುದು ನಮಗೆ ಹೊರೆಯಲ್ಲ.

ಮುಂಡರಗಿ ತಾಲೂಕಿನ ಡಂಬಳದಲ್ಲಿ ರೊಟ್ಟಿ ಜಾತ್ರೆ ನಡೆಯುತ್ತದೆ. ಮನೆ ಮನೆಗಳಿಂದ ಜೋಳದ ರೊಟ್ಟಿ ಬರುತ್ತವೆ, ಕರಿಂಡಿ, ಚಟ್ನಿ ಜೊತೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ನನ್ನ ಅಕ್ಕನನ್ನು ಕೊಟ್ಟದ್ದು ಮುಂಡರಗಿಗೆ, ಹಾಗಾಗಿ ಆ ಜಾತ್ರೆ ನಮಗೆ ಹತ್ತಿರದ್ದು. ನನ್ನ ಮಗಳಂಥವರಿಗಾಗಿಯೇ ಇಟ್ಟಂಥ ಪ್ರಸಾದ ಅದು, ಅದರ ಹಿಟ್ಟು ಶುದ್ಧ ಕಲ್ಲಿನಿಂದ ಬಂದಿದ್ದರೆ. ಬರುವ ಜಾತ್ರೆಗೆ ನನ್ನ ಹಿಂದಿನ ಕೋಣೆಯ ಹಿಟ್ಟಿನ ರೊಟ್ಟಿ ಒಂದು ಬುಟ್ಟಿ ಒಯ್ಯುತ್ತೇನೆ, ಬೇರೆ ಇಡಲು ಜಾಗ ಕೊಡಿ ಎಂದು ಹಿರಿಯರನ್ನು ಕೇಳುತ್ತೇನೆ. ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಯ ಗಿರಣಿಯ ಅಣ್ಣತಮ್ಮಂದಿರಲ್ಲಿ ನನ್ನ ವಿನಂತಿ: ನಿಮ್ಮ ಗಿರಣಿಗೆ ಬಂದು ಜೋಳದ ಕಲ್ಲು ಕೂರಿಸುವ ರೀತಿಯನ್ನು ತೋರಿಸಿಕೊಡಲು ನಾನು ಸಿದ್ಧ, ಒಂದು ರೂಪಾಯಿ ಬೇಡ. ತಾಲೂಕಿಗೆ ಒಬ್ಬರು ಮುಂದೆ ಬನ್ನಿ.